ಬೆಂಗಳೂರಿಗೆ ಹೋದರೆ ಶಿವಾಜಿನಗರವೇ ಯಾಕೆ?

ಬೆಂಗಳೂರಿಗೆ ಹೊರಟು ನಿಂತ ನಮ್ಮ ಊರಿನ ಮುಸ್ಲಿಮ್ ಕುಟುಂಬವೊಂದರಲ್ಲಿ 'ಎಲ್ಲಿ ತಂಗುತ್ತೀರಿ' ಎಂದು ವಿಚಾರಿಸಿ ನೋಡಿ. ಹೆಚ್ಚಿನ ಸಂದರ್ಭಗಳಲ್ಲಿ ಸಿಗುವ ಉತ್ತರ ಒಂದೇ: ಶಿವಾಜಿನಗರ. ಕೆಲವರು ಸಿಟಿ ಮಾರ್ಕೆಟ್ ಎನ್ನಬಹುದು, ಇನ್ನು ಕೆಲವರು ಕಲಾಸಿಪಾಳ್ಯ ಎನ್ನಬಹುದು. ಯಾವ ಕೆಲಸಕ್ಕೆ ಹೋಗುತ್ತಿದ್ದೀರಿ, ಆ ಕೆಲಸ ನಡೆಯುವುದು ನಗರದ ಯಾವ ದಿಕ್ಕಿನಲ್ಲಿ ಎಂಬ ಪ್ರಶ್ನೆ ಆ ಉತ್ತರದೊಳಗೆ ಬರುವುದೇ ಇಲ್ಲ. ತಂದೆ ತಂಗಿದ್ದು ಅಲ್ಲಿ, ಮಾವ ತಂಗಿದ್ದು ಅಲ್ಲಿ, ಆದ್ದರಿಂದ ನಾವೂ ಅಲ್ಲಿ. ಒಂದು ಮಹಾನಗರದಲ್ಲಿ ನಾಲ್ಕು ದಿನ ಕಳೆಯುವ ಮನುಷ್ಯ ಕೋಣೆಯನ್ನು ಎಲ್ಲಿ ಹಿಡಿಯಬೇಕು ಎಂಬುದು ಸಂಪಾದಕೀಯ ಬರೆಯುವಷ್ಟು ದೊಡ್ಡ ವಿಷಯವೇ ಎಂದು ಓದುಗರಿಗೆ ಅನಿಸಬಹುದು. ಆದರೆ ಆ ಪ್ರಯಾಣಿಕನ ಜೊತೆ ಒಬ್ಬ ರೋಗಿಯಿದ್ದರೆ ಅದು ನಿಜಕ್ಕೂ ದೊಡ್ಡ ವಿಷಯ.

ಕರಾವಳಿಯ ಕುಟುಂಬವೊಂದರ ಅನುಭವ ಇತ್ತೀಚೆಗೆ ನಮ್ಮ ಗಮನಕ್ಕೆ ಬಂತು. ತಾಯಿಗೆ ಕ್ಯಾನ್ಸರ್. ಹೊಸೂರು ರಸ್ತೆಯ ಆಸ್ಪತ್ರೆಯಲ್ಲಿ ವಿಕಿರಣ ಚಿಕಿತ್ಸೆ. ಅದು ಒಂದು ದಿನಕ್ಕೆ ಮುಗಿಯುವಂಥದ್ದಲ್ಲ. ವಾರಕ್ಕೆ ಐದು ದಿನದಂತೆ ಐದು ವಾರ ನಡೆಯಬೇಕಿತ್ತು. ಮಕ್ಕಳು ಪ್ರೀತಿಯುಳ್ಳವರು, ತಾಯಿಯ ಸೇವೆಗಾಗಿ ಅಂಗಡಿಯನ್ನೇ ಮುಚ್ಚಿ ಬಂದವರು. ಅವರು ಕೋಣೆ ಹಿಡಿದದ್ದು ಶಿವಾಜಿನಗರದಲ್ಲಿ, ಎರಡನೇ ಮಹಡಿಯಲ್ಲಿ, ಲಿಫ್ಟ್ ಇಲ್ಲದ ಕಟ್ಟಡದಲ್ಲಿ. ಅಲ್ಲಿಂದ ಆಸ್ಪತ್ರೆಗೆ ಸುಮಾರು ಏಳು ಕಿಲೋಮೀಟರ್. ಚಿಕಿತ್ಸೆ ಮುಗಿದ ಬಳಿಕ ವಾಂತಿ, ಸುಸ್ತು. ಆ ಸ್ಥಿತಿಯಲ್ಲಿ ರಿಚ್‌ಮಂಡ್ ರಸ್ತೆಯ ವಾಹನ ದಟ್ಟಣೆಯಲ್ಲಿ ಆಟೋದೊಳಗೆ ಕುಳಿತು ಮರಳಬೇಕು, ಮೆಟ್ಟಿಲು ಹತ್ತಬೇಕು. ಮೂರನೇ ವಾರದಲ್ಲಿ ಆ ತಾಯಿ, "ಇನ್ನು ನನ್ನನ್ನು ಊರಿಗೆ ಕರೆದುಕೊಂಡು ಹೋಗಿ, ಆದದ್ದಾಗಲಿ" ಎಂದು ಹಟ ಹಿಡಿದರಂತೆ. ಆ ಉಮ್ಮನನ್ನು ಸೋಲಿಸಿದ್ದು ರೋಗವೋ, ಚಿಕಿತ್ಸೆಯೋ ಅಥವಾ ದಾರಿಯೋ?

ಹಣದ ಲೆಕ್ಕವನ್ನೂ ಒಮ್ಮೆ ಹಾಕೋಣ. ಬೆಂಗಳೂರಿನಲ್ಲಿ 2025ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಆಟೋ ದರದ ಪ್ರಕಾರ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ನಂತರದ ಪ್ರತಿ ಕಿಲೋಮೀಟರಿಗೆ 18 ರೂಪಾಯಿ. ಏಳು ಕಿಲೋಮೀಟರಿಗೆ 126 ರೂಪಾಯಿ. ಹೋಗಿ ಬರುವುದಕ್ಕೆ 252. ಇಪ್ಪತ್ತೈದು ದಿನಗಳಿಗೆ 6,300 ರೂಪಾಯಿ. ಇದು ಮೀಟರ್ ಹಾಕಿದರೆ ಮಾತ್ರ. ಆಸ್ಪತ್ರೆಯ ಗೇಟಿನೆದುರು ಪರವೂರಿನವರನ್ನು ಕಂಡಾಗ ಎಷ್ಟು ಆಟೋಗಳು ಮೀಟರ್ ಹಾಕುತ್ತವೆ ಎಂಬುದನ್ನು ಅನುಭವಸ್ಥರೇ ಹೇಳಬೇಕು. ಶಿವಾಜಿನಗರದಲ್ಲಿ ಕೋಣೆ ಅಗ್ಗ ಎಂದು ಹೋದವರು ಉಳಿಸಿದ್ದಕ್ಕಿಂತ ಹೆಚ್ಚನ್ನು ರಸ್ತೆಯ ಮೇಲೆ ಸುರಿದು ಬರುತ್ತಾರೆ.

ಹಾಗಂತ ಶಿವಾಜಿನಗರವನ್ನು ದೂರುವುದು ನಮ್ಮ ಉದ್ದೇಶವಲ್ಲ. ಅದರ ಋಣ ನಮ್ಮೆಲ್ಲರ ಮೇಲಿದೆ. 1809ರಲ್ಲಿ ಬ್ರಿಟಿಷರ ದಂಡು ಬೆಂಗಳೂರಿಗೆ ಬಂದ ಬಳಿಕ ಆ ದಂಡಿನ ಸುತ್ತ ಬೆಳೆದ ಪೇಟೆ ಅದು. ದಂಡಿಗೆ ಬೇಕಾದ ಮಾಂಸ, ಬಟ್ಟೆ, ಚರ್ಮ, ತರಕಾರಿಯ ವ್ಯಾಪಾರಕ್ಕೆಂದು ಹಲವು ಭಾಷೆಗಳ, ಹಲವು ಧರ್ಮಗಳ ಜನರು ಅಲ್ಲಿ ನೆಲೆಸಿದರು. 1927ರಲ್ಲಿ ಕಟ್ಟಿದ ರಸೆಲ್ ಮಾರ್ಕೆಟ್, ಅದರ ಎದುರಿಗೆ ಸೈಂಟ್ ಮೇರಿ ಬೆಸಿಲಿಕಾ, ಆಸುಪಾಸಿನಲ್ಲಿ ಮಸೀದಿಗಳು, ದೇವಾಲಯಗಳು. ರಾತ್ರಿ ತಡವಾಗಿ ಬಸ್ಸಿಳಿದವನಿಗೂ ಅಲ್ಲಿ ಬಿಸಿ ಊಟ ಸಿಗುತ್ತದೆ, ಫಜ್ರ್‌ಗೆ ಅಝಾನ್ ಕೇಳಿಸುತ್ತದೆ, ಬುರ್ಖಾ ಧರಿಸಿದ ಮಹಿಳೆಯನ್ನು ಯಾರೂ ತಿರುಗಿ ನೋಡುವುದಿಲ್ಲ. ಹೆಸರು ಕೇಳಿ ಮುಖ ಗಂಟಿಕ್ಕುವವರಿಲ್ಲ ಎಂಬ ನೆಮ್ಮದಿಗೆ ಬೆಲೆ ಕಟ್ಟಲಾಗದು. ಇದನ್ನು ಅರ್ಥ ಮಾಡಿಕೊಳ್ಳದೆ 'ಮುಸ್ಲಿಮರು ಮುಸ್ಲಿಮರ ಕೇರಿಯನ್ನೇ ಹುಡುಕಿಕೊಂಡು ಹೋಗುತ್ತಾರೆ' ಎಂದು ಗೇಲಿ ಮಾಡುವವರಿಗೆ ನಮ್ಮಲ್ಲಿ ಉತ್ತರವಿದೆ.

ಆ ಉತ್ತರ ನಮ್ಮದೇ ಅನುಭವದ್ದು. ಕೆಲವು ವರ್ಷಗಳ ಹಿಂದೆ ಬಂಧುವೊಬ್ಬರ ಚಿಕಿತ್ಸೆಗಾಗಿ ನಾವು ನಗರದ ದಕ್ಷಿಣ ಭಾಗದ ವಸತಿಗೃಹವೊಂದಕ್ಕೆ ಫೋನ್ ಮಾಡಿದೆವು. ಕೋಣೆಯಿದೆ, ಬನ್ನಿ ಎಂದರು. ಅರ್ಧ ಗಂಟೆಯಲ್ಲಿ ತಲುಪಿ ಗುರುತಿನ ಚೀಟಿ ಮುಂದಿಟ್ಟೆವು. ಚೀಟಿಯಲ್ಲಿದ್ದ ಹೆಸರನ್ನೂ ನಮ್ಮ ಗಡ್ಡವನ್ನೂ ಒಮ್ಮೆ ನೋಡಿದ ಆತ, "ಈಗಷ್ಟೇ ಭರ್ತಿಯಾಯಿತು" ಎಂದ. ಕೀಲಿಗಳು ಅವನ ಬೆನ್ನ ಹಿಂದಿನ ಗೋಡೆಯಲ್ಲಿ ಸಾಲಾಗಿ ತೂಗುತ್ತಿದ್ದವು. ನಾವು ಜಗಳವಾಡಲಿಲ್ಲ. ವ್ಹೀಲ್‌ಚೇರಿನಲ್ಲಿ ರೋಗಿಯನ್ನು ಕೂರಿಸಿಕೊಂಡು ಜಗಳವಾಡುವುದು ಹೇಗೆ? ಅದೇ ರಸ್ತೆಯಲ್ಲಿ ನಾಲ್ಕು ಕಟ್ಟಡಗಳಾಚೆ ಇನ್ನೊಂದು ವಸತಿಗೃಹವಿತ್ತು. ಅಲ್ಲಿಯೂ ಚೀಟಿ ತೋರಿಸಿದೆವು. ಮೇಜಿನ ಹಿಂದಿದ್ದ ಹಣೆಯಲ್ಲಿ ವಿಭೂತಿಯಿದ್ದ ಹಿರಿಯರು ನಮ್ಮ ಹೆಸರನ್ನು ತಪ್ಪಾಗಿ ಬರೆದುಕೊಂಡರು, ಎರಡು ದಿನದ ಮುಂಗಡ ಕೇಳಿದರು, ರೋಗಿಯಿದ್ದಾರಲ್ಲ ಎಂದು ನೆಲ ಅಂತಸ್ತಿನ ಕೋಣೆಯ ಕೀಲಿ ಕೊಟ್ಟರು. ಅಷ್ಟೇ. ನಮ್ಮ ಬಯಕೆಯೂ ಅಷ್ಟೇ ಆಗಿತ್ತು.

ಮೊದಲನೆಯವನು ಮಾಡಿದ್ದು ಬರೀ ಅಸಭ್ಯತೆಯಲ್ಲ. ಸಂವಿಧಾನದ 15ನೆಯ ವಿಧಿಯ ಎರಡನೆಯ ಭಾಗವು ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೋಟೆಲು ಮತ್ತು ಸಾರ್ವಜನಿಕ ಮನರಂಜನಾ ಸ್ಥಳಗಳ ಪ್ರವೇಶದಲ್ಲಿ ಕೇವಲ ಧರ್ಮ, ಜಾತಿ, ಜನಾಂಗ, ಲಿಂಗ ಅಥವಾ ಹುಟ್ಟಿದ ಸ್ಥಳದ ಕಾರಣಕ್ಕಾಗಿ ಯಾವುದೇ ಪ್ರಜೆಯ ಮೇಲೆ ನಿರ್ಬಂಧ ಹೇರುವಂತಿಲ್ಲ ಎನ್ನುತ್ತದೆ. ಸಂವಿಧಾನದ ಮೂಲಭೂತ ಹಕ್ಕುಗಳ ಬಹುಭಾಗ ಪ್ರಭುತ್ವವನ್ನು ಕಟ್ಟಿಹಾಕುವಂಥದ್ದು. ಆದರೆ ಈ ಭಾಗ ಖಾಸಗಿ ಹೋಟೆಲಿನ ಮೇಜಿನವರೆಗೂ ಬರುತ್ತದೆ. ಬಾವಿ ಮುಟ್ಟಲು, ಹೋಟೆಲಿನ ಲೋಟ ಮುಟ್ಟಲು ದಲಿತರಿಗೆ ಅವಕಾಶ ನಿರಾಕರಿಸುತ್ತಿದ್ದ ದೇಶದಲ್ಲಿ ಇಂಥದ್ದೊಂದು ವಾಕ್ಯ ಯಾಕೆ ಬೇಕಾಯಿತು ಎಂಬುದನ್ನು ವಿವರಿಸಬೇಕಿಲ್ಲ. ಅದೇ ವಾಕ್ಯ ಇಂದು ಮುಸ್ಲಿಮ್ ಪ್ರಯಾಣಿಕನ ನೆರವಿಗೂ ನಿಲ್ಲುತ್ತದೆ. ವಸತಿಗೃಹಗಳಿಗೆ ಪರವಾನಗಿ ಕೊಡುವ ಸ್ಥಳೀಯ ಆಡಳಿತ ಆ ಪರವಾನಗಿಯ ಜೊತೆಗೇ ಈ ಕರ್ತವ್ಯವನ್ನೂ ನೆನಪಿಸಬೇಕು. ರೋಗಿಗೆ ಕೋಣೆ ನಿರಾಕರಿಸುವವನು ದಂಡನೆಯ ಭಯವಿಲ್ಲದೆ ನಿದ್ದೆ ಮಾಡುವಂತಾಗಬಾರದು.

ಆದರೆ ಇಷ್ಟು ಹೇಳಿ ನಾವು ಕೈತೊಳೆದುಕೊಂಡರೆ ಅರ್ಧ ಸತ್ಯವನ್ನಷ್ಟೇ ಹೇಳಿದಂತಾಗುತ್ತದೆ. ಬಾಗಿಲು ಮುಚ್ಚಿದ ಒಬ್ಬನನ್ನು ನೆನಪಿಟ್ಟುಕೊಳ್ಳುವ ನಾವು, ಬಾಗಿಲು ತೆರೆದವನನ್ನು ಊರಿಗೆ ಬಂದು ಹೇಳುವುದೇ ಇಲ್ಲ. 'ಅಲ್ಲೆಲ್ಲ ನಮಗೆ ಕೋಣೆ ಕೊಡುವುದಿಲ್ಲ' ಎಂಬ ಮಾತು ಮದುವೆ ಮನೆಯಿಂದ ಮದುವೆ ಮನೆಗೆ ಹರಡುತ್ತದೆ. ಒಮ್ಮೆಯೂ ಕೇಳಿ ನೋಡದವರು ಕೂಡ ಅದನ್ನು ಪ್ರಮಾಣವಾಕ್ಯದಂತೆ ನಂಬುತ್ತಾರೆ. ಹೀಗೆ ಇನ್ನೊಬ್ಬರ ಪೂರ್ವಾಗ್ರಹ ಎಳೆದ ಗೆರೆಯನ್ನು ನಾವೇ ದಪ್ಪಗೆ ತಿದ್ದಿ ಬರೆಯುತ್ತಿದ್ದೇವೆ. ಅದರ ಶಿಕ್ಷೆಯನ್ನು ಅನುಭವಿಸುವವರು ಮನೆಯ ರೋಗಿಗಳು, ಮಕ್ಕಳು ಮತ್ತು ಹೆಣ್ಣುಮಕ್ಕಳು.

ನಿಜವಾಗಿ, ಬೆಂಗಳೂರಿನಲ್ಲಿ ನಮ್ಮವರು ಹೆಚ್ಚಾಗಿ ಹೋಗುವ ಸರಕಾರಿ ಆಸ್ಪತ್ರೆಗಳು ಎಲ್ಲಿವೆ ಎಂದು ನೋಡೋಣ. ಕ್ಯಾನ್ಸರಿನ ಕಿದ್ವಾಯಿ, ಮೆದುಳು ಮತ್ತು ಮನಸ್ಸಿನ ಕಾಯಿಲೆಗಳ ನಿಮ್ಹಾನ್ಸ್, ಮಕ್ಕಳ ಚಿಕಿತ್ಸೆಯ ಇಂದಿರಾ ಗಾಂಧಿ ಸಂಸ್ಥೆ, ಇವೆಲ್ಲ ಹೊಸೂರು ರಸ್ತೆಯ ಡೈರಿ ಸರ್ಕಲಿನ ಸುತ್ತಮುತ್ತ ಇವೆ. ಅದೇ ಸರ್ಕಲಿನಿಂದ ಆರಂಭವಾಗುವ ಬನ್ನೇರುಘಟ್ಟ ರಸ್ತೆಯಲ್ಲಿ ಮುಂದೆ ಸಾಗಿದರೆ ಹೃದ್ರೋಗದ ಜಯದೇವ ಆಸ್ಪತ್ರೆ. ಅದರ ಸಮೀಪದ ಬೈರಸಂದ್ರದಲ್ಲಿ ಅಪಘಾತ ಮತ್ತು ಮೂಳೆ ಚಿಕಿತ್ಸೆಯ ಸಂಜಯ್ ಗಾಂಧಿ ಆಸ್ಪತ್ರೆ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಜಯದೇವ ಆಸ್ಪತ್ರೆಯ ಬಗಲಿನಲ್ಲೇ ಗುರಪ್ಪನಪಾಳ್ಯವಿದೆ, ತಿಲಕನಗರವಿದೆ. ಎರಡರಲ್ಲೂ ಮಸೀದಿಗಳಿವೆ, ಹಲಾಲ್ ಊಟದ ಹೋಟೆಲುಗಳಿವೆ, ನಮ್ಮ ಜನರ ಮನೆಗಳಿವೆ. ಡೈರಿ ಸರ್ಕಲಿನ ಆಸ್ಪತ್ರೆಗಳಿಗೂ ಅಲ್ಲಿಂದ ಸುಮಾರು ಮೂರು ಕಿಲೋಮೀಟರ್ ಮಾತ್ರ. ಅಂದರೆ ಯಾವ ನೆಮ್ಮದಿಯನ್ನು ಹುಡುಕಿಕೊಂಡು ನಾವು ಶಿವಾಜಿನಗರಕ್ಕೆ ಹೋಗುತ್ತೇವೆಯೋ ಅದೇ ನೆಮ್ಮದಿ ಆಸ್ಪತ್ರೆಯ ಬಾಗಿಲಿನ ಹತ್ತಿರವೇ ಇದೆ. ಅದು ನಮಗೆ ಗೊತ್ತಿಲ್ಲ, ಯಾಕೆಂದರೆ ನಾವು ಕೇಳಿಲ್ಲ.

ದಾರಿಯೂ ಈಗ ಮೊದಲಿನಷ್ಟು ಕಷ್ಟದ್ದಲ್ಲ. 2025ರ ಆಗಸ್ಟ್‌ನಲ್ಲಿ ಆರಂಭವಾದ ಮೆಟ್ರೋದ ಹಳದಿ ಮಾರ್ಗದಲ್ಲಿ ಜಯದೇವ ಆಸ್ಪತ್ರೆಯ ಹೆಸರಿನದ್ದೇ ಒಂದು ನಿಲ್ದಾಣವಿದೆ. ಯಶವಂತಪುರ ಅಥವಾ ಮೆಜೆಸ್ಟಿಕ್‌ನಲ್ಲಿ ರೈಲಿನಿಂದ ಇಳಿದವರು ಹಸಿರು ಮಾರ್ಗದ ಮೆಟ್ರೋ ಹಿಡಿದು ಆರ್.ವಿ. ರಸ್ತೆಯಲ್ಲಿ ಇಳಿಯಬೇಕು, ಅಲ್ಲಿ ಹಳದಿ ಮಾರ್ಗಕ್ಕೆ ಬದಲಾಯಿಸಿದರೆ ಎರಡನೆಯ ನಿಲ್ದಾಣವೇ ಜಯದೇವ. ಅದೇ ಮಾರ್ಗದ ಕೊನೆ ಬೊಮ್ಮಸಂದ್ರ. ಅಲ್ಲಿನ ಹೃದಯದ ಆಸ್ಪತ್ರೆಗೆ ಹೋಗುವವರು ನಗರದ ನಡುವೆ ಕೋಣೆ ಹಿಡಿಯುವ ಅಗತ್ಯವೇ ಇಲ್ಲ. ರಾಜ್ಯದ ಮಹಿಳೆಯರಿಗೆ ನಗರದ ಸಾಮಾನ್ಯ ಬಸ್ಸುಗಳಲ್ಲಿ 2023ರ ಜೂನ್‌ನಿಂದ ಟಿಕೆಟಿನ ಹಣ ಕೊಡಬೇಕಿಲ್ಲ ಎಂಬುದನ್ನೂ ರೋಗಿಯ ಜೊತೆಗಿರುವ ತಾಯಂದಿರು, ಸಹೋದರಿಯರು ನೆನಪಿಡಬೇಕು.

ಕೆಲಸವೇ ಕೋಣೆಯನ್ನು ನಿರ್ಧರಿಸಬೇಕು. ವಿಕ್ಟೋರಿಯಾ, ವಾಣಿ ವಿಲಾಸ, ಮಿಂಟೋ ಕಣ್ಣಿನ ಆಸ್ಪತ್ರೆಗೆ ಹೋಗುವವರಿಗೆ ಸಿಟಿ ಮಾರ್ಕೆಟ್, ಕಲಾಸಿಪಾಳ್ಯದಷ್ಟು ಹತ್ತಿರದ ಜಾಗ ಬೇರೆಯಿಲ್ಲ. ಬೌರಿಂಗ್ ಆಸ್ಪತ್ರೆಗೆ, ಹೈಕೋರ್ಟಿಗೆ, ವಿಧಾನಸೌಧಕ್ಕೆ ಹೋಗುವವರು ಶಿವಾಜಿನಗರದಲ್ಲಿ ತಂಗುವುದೇ ಸರಿ. ಹಜ್ ಯಾತ್ರಿಕರನ್ನು ಬೀಳ್ಕೊಡಲು ಹೋಗುವವರು ತಿರುಮೇನಹಳ್ಳಿಯ ಹಜ್ ಭವನವೂ ದೇವನಹಳ್ಳಿಯ ವಿಮಾನ ನಿಲ್ದಾಣವೂ ನಗರದ ಉತ್ತರಕ್ಕಿವೆ ಎಂಬುದನ್ನು ಅರಿತು ಹೆಬ್ಬಾಳದ ಆಚೀಚೆ ವಿಚಾರಿಸಬೇಕು. ಮಗಳು ಪ್ರವೇಶ ಪರೀಕ್ಷೆ ಬರೆಯಲು ಹೋಗುವುದಾದರೆ ಪ್ರವೇಶಪತ್ರದಲ್ಲಿರುವ ಪರೀಕ್ಷಾ ಕೇಂದ್ರದ ವಿಳಾಸವನ್ನು ಮೊದಲು ಓದಬೇಕು, ಕೋಣೆಯನ್ನು ಆಮೇಲೆ ಹುಡುಕಬೇಕು. ಬೆಳಗ್ಗೆ ಒಂಬತ್ತಕ್ಕೆ ಗೇಟು ಮುಚ್ಚುವ ಕೇಂದ್ರಕ್ಕೆ ನಗರದ ಇನ್ನೊಂದು ತುದಿಯಿಂದ ಹೊರಟು, ದಾರಿಯಲ್ಲಿ ಅಳುತ್ತಾ ಕುಳಿತ ಹೆಣ್ಣುಮಗಳ ಒಂದು ವರ್ಷಕ್ಕೆ ಯಾರು ಹೊಣೆ?

ಕೋಣೆ ಹಿಡಿಯುವಾಗ ಕೇಳಬೇಕಾದ ಪ್ರಶ್ನೆಗಳನ್ನೂ ನಮ್ಮವರು ಕೇಳುವುದಿಲ್ಲ. ರಾತ್ರಿ ಬಸ್ಸಿನಲ್ಲಿ ಹೊರಟವರು ಬೆಂಗಳೂರು ತಲುಪುವುದು ಬೆಳಗ್ಗೆ ಐದಾರು ಗಂಟೆಗೆ. ಕೋಣೆಯ ಬಾಡಿಗೆ ಇಪ್ಪತ್ನಾಲ್ಕು ಗಂಟೆಯ ಲೆಕ್ಕವೋ ಅಥವಾ ಮಧ್ಯಾಹ್ನದಿಂದ ಮಧ್ಯಾಹ್ನದ ಲೆಕ್ಕವೋ ಎಂದು ಮೊದಲೇ ಕೇಳದಿದ್ದರೆ ಆರು ಗಂಟೆಯ ವಿಶ್ರಾಂತಿಗೆ ಒಂದು ದಿನದ ಬಾಡಿಗೆ ಹೋಗುತ್ತದೆ. ಲಿಫ್ಟ್ ಇದೆಯೇ, ಶೌಚಾಲಯ ರೋಗಿಗೆ ಕೂರಲು ಅನುಕೂಲವಾಗಿದೆಯೇ, ಬಿಸಿನೀರು ಎಷ್ಟು ಹೊತ್ತು, ಗಂಜಿ ಬೇಯಿಸಿಕೊಳ್ಳಲು ಅವಕಾಶವುಂಟೇ ಎಂದು ಕೇಳಬೇಕು. ದೀರ್ಘ ಚಿಕಿತ್ಸೆಯಿದ್ದರೆ ಲಾಡ್ಜ್‌ಗಿಂತ ವಾರದ ಲೆಕ್ಕದಲ್ಲಿ ಸಿಗುವ ಅಡುಗೆಮನೆಯಿರುವ ಕೋಣೆ ಲೇಸು. ವಯಸ್ಕರೆಲ್ಲರ ಗುರುತಿನ ಚೀಟಿಯ ಮೂಲಪ್ರತಿ ಜೊತೆಗಿರಬೇಕು. ನಿಲ್ದಾಣದಲ್ಲಿ ಚೀಲ ಹಿಡಿದೆಳೆದು 'ಒಳ್ಳೆಯ ರೂಮಿದೆ ಭಾಯ್' ಎನ್ನುವವನ ಕಮಿಷನ್ ಕೊನೆಗೆ ನಮ್ಮ ಬಾಡಿಗೆಯಿಂದಲೇ ಹೋಗುತ್ತದೆ. ಅವನು ಸಲಾಮ್ ಹೇಳಿದ ಮಾತ್ರಕ್ಕೆ ಲೆಕ್ಕ ಬದಲಾಗುವುದಿಲ್ಲ. ಎಲ್ಲಕ್ಕೂ ಮೊದಲು, ಆಸ್ಪತ್ರೆಯ ಆವರಣದಲ್ಲೇ ರೋಗಿಯ ಕಡೆಯವರಿಗೆ ವಸತಿಯಿದೆಯೇ ಎಂದು ವಿಚಾರಿಸಬೇಕು. ಕಿದ್ವಾಯಿ ಆಸ್ಪತ್ರೆಯ ಆವರಣದಲ್ಲಿ ಇನ್ಫೋಸಿಸ್ ಪ್ರತಿಷ್ಠಾನ ಕಟ್ಟಿಸಿದ ಧರ್ಮಶಾಲೆಯಿದೆ. 'ಧರ್ಮಶಾಲೆ' ಎಂಬ ಹೆಸರು ಕೇಳಿಯೇ ಅದು ನಮಗಲ್ಲ ಎಂದು ಹಿಂದೆ ಸರಿಯುವವರೂ ನಮ್ಮಲ್ಲಿದ್ದಾರೆ. ಅದು ರೋಗಿಗಳಿಗಾಗಿ ಕಟ್ಟಿದ್ದು. ರೋಗ ಧರ್ಮ ಕೇಳಿ ಬರುವುದಿಲ್ಲ.

ಈ ಎಲ್ಲ ನಿರ್ಧಾರಗಳನ್ನು ಮನೆಯಲ್ಲಿ ಯಾರು ಕೈಗೊಳ್ಳುತ್ತಾರೆ ಎಂಬುದನ್ನೂ ಇಲ್ಲಿ ಹೇಳದೆ ವಿಧಿಯಿಲ್ಲ. ಕೋಣೆ ಎಲ್ಲಿರಬೇಕು ಎಂದು ಗಂಡಸರು ತೀರ್ಮಾನಿಸುತ್ತಾರೆ. ರಾತ್ರಿ ರೋಗಿಯ ಬಳಿ ಇರುವವಳು ಹೆಣ್ಣು. ಕೋಣೆ ದೂರವಿದ್ದರೆ ಆಕೆಗೆ ಸ್ನಾನಕ್ಕೆ, ಬಟ್ಟೆ ಬದಲಾಯಿಸಲು, ಎರಡು ಗಂಟೆ ನಿದ್ದೆಗೆ ಹೋಗಿಬರಲು ಸಾಧ್ಯವಿಲ್ಲ. ಹೀಗಾಗಿ ಆಕೆ ಆಸ್ಪತ್ರೆಯ ವರಾಂಡದಲ್ಲೇ ಚಾಪೆ ಹಾಸುತ್ತಾಳೆ. ಹೆಣ್ಣಿನ ಸುರಕ್ಷೆ, ಪರ್ದಾ ಎಂಬ ಹೆಸರಿನಲ್ಲಿ ದೂರದ 'ನಮ್ಮ ಕೇರಿ'ಯನ್ನು ಆರಿಸಿದವರು ಆಕೆಯನ್ನು ವರಾಂಡದಲ್ಲಿ, ಎಲ್ಲರ ಕಣ್ಣೆದುರು ಮಲಗಿಸಿದಂತಾಯಿತಲ್ಲವೇ? ಆಸ್ಪತ್ರೆಯಿಂದ ನಡೆದು ತಲುಪಬಹುದಾದ ಕೋಣೆಗಿಂತ ದೊಡ್ಡ ಸುರಕ್ಷೆ ಆಕೆಗೆ ಬೇರೆ ಯಾವುದಿದೆ? ಹೊರಡುವ ಮೊದಲು ಆಕೆಯನ್ನೂ ಒಂದು ಮಾತು ಕೇಳಿದರೆ ಈ ಸಂಕಟದ ಅರ್ಧ ಭಾಗ ಇಲ್ಲವಾಗುತ್ತದೆ.

ಸಂಬಂಧಿಕರ ಮನೆಯ ವಿಷಯವೂ ಹೀಗೆಯೇ. ಅತಿಥಿ ಸತ್ಕಾರಕ್ಕೆ ಮೂರು ದಿನಗಳ ಮಿತಿಯನ್ನು ತಿಳಿಸಿದ ಪ್ರವಾದಿವರ್ಯರು(ಸ), ಆತಿಥೇಯನಿಗೆ ಸಂಕಷ್ಟವಾಗುವಷ್ಟು ಕಾಲ ತಂಗಬಾರದೆಂದೂ ಎಚ್ಚರಿಸಿದ್ದಾರೆ. ಬೆಂಗಳೂರಿನ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ನಾಲ್ಕು ಮಂದಿ ಐದು ವಾರ ಉಳಿದು, ಆಮೇಲೆ 'ಅವರ ಮುಖ ಸರಿಯಿರಲಿಲ್ಲ' ಎಂದು ಊರಲ್ಲಿ ದೂರುವುದು ಅನ್ಯಾಯ.

ನಮಾಝಿನ ವಿಚಾರದಲ್ಲಿ ಇಸ್ಲಾಮ್ ಪ್ರಯಾಣಿಕನ ಮೇಲೆ ಭಾರ ಹೊರಿಸಿಲ್ಲ, ಇಳಿಸಿದೆ. ನಾಲ್ಕು ರಕಅತ್‌ಗಳು ಪ್ರಯಾಣಿಕನಿಗೆ ಎರಡಾಗುತ್ತವೆ. ಉಪವಾಸವನ್ನು ಬೇರೆ ದಿನಗಳಿಗೆ ಮುಂದೂಡಬಹುದು. ಮಸೀದಿಯ ಮಗ್ಗುಲಲ್ಲೇ ತಂಗಬೇಕೆಂಬ ನಿಯಮವನ್ನು ಯಾರೂ ವಿಧಿಸಿಲ್ಲ. ಶುದ್ಧವಾದ ನೆಲ ಎಲ್ಲಿದ್ದರೂ ಅದು ನಮಾಝಿಗೆ ಸಾಕು. ಝಕಾತ್‌ಗೆ ಅರ್ಹರಾದ ಎಂಟು ವಿಭಾಗಗಳನ್ನು ಹೆಸರಿಸುವ ಪವಿತ್ರ ಕುರ್‌ಆನ್ ಅವುಗಳಲ್ಲಿ ದಾರಿಹೋಕನನ್ನೂ ಸೇರಿಸಿದೆ. ಊರಲ್ಲಿ ಮನೆ, ಅಂಗಡಿ ಇದ್ದವನೂ ಪರವೂರಿನಲ್ಲಿ ಕೈ ಬರಿದಾದಾಗ ಆ ವಿಭಾಗಕ್ಕೆ ಸೇರುತ್ತಾನೆ. ನಮ್ಮ ಝಕಾತ್ ಪಟ್ಟಿಗಳಲ್ಲಿ ಈ ದಾರಿಹೋಕ ಎಷ್ಟು ಬಾರಿ ಕಾಣಿಸಿಕೊಂಡಿದ್ದಾನೆ?

14ನೆಯ ಶತಮಾನದಲ್ಲಿ ನಮ್ಮದೇ ಕರಾವಳಿಯಲ್ಲಿ ಸಂಚರಿಸಿದ ಇಬ್ನ್ ಬತೂತ, ಹೊನ್ನಾವರವನ್ನೂ ಮಂಗಳೂರನ್ನೂ ಕಂಡವನು. ಮಲಬಾರಿನ ದಾರಿಯುದ್ದಕ್ಕೂ ಸ್ವಲ್ಪ ಸ್ವಲ್ಪ ದೂರಕ್ಕೆ ಮರದ ಚಪ್ಪರವೂ ಬಾವಿಯೂ ಇದ್ದು, ಯಾವ ಧರ್ಮದವನಾದರೂ ಅಲ್ಲಿ ಕುಳಿತು ದಣಿವಾರಿಸಿಕೊಳ್ಳಬಹುದಿತ್ತೆಂದು ಆತ ದಾಖಲಿಸಿದ್ದಾನೆ. ರಾತ್ರಿ ತಂಗುವ ತಾಣಗಳಲ್ಲಿ ಮುಸ್ಲಿಮರ ಮನೆಗಳಿದ್ದು, ಮುಸ್ಲಿಮ್ ಪ್ರಯಾಣಿಕರು ಅಲ್ಲಿ ಇಳಿದುಕೊಳ್ಳುತ್ತಿದ್ದರಂತೆ. ಗಮನಿಸಿ, ಆ ಮನೆಗಳಿದ್ದದ್ದು ಪ್ರಯಾಣಿಕನ ದಾರಿಯ ಮೇಲೆ. ಪ್ರಯಾಣಿಕ ಆ ಮನೆಗಳಿಗಾಗಿ ದಾರಿ ಬಿಟ್ಟು ಹೋಗಬೇಕಾಗಿರಲಿಲ್ಲ. ಇಂದು ನಮ್ಮ ಪ್ರಯಾಣಿಕರ ದಾರಿ ಡೈರಿ ಸರ್ಕಲಿನ ಮೇಲಿದೆ, ಜಯದೇವದ ಮೇಲಿದೆ. ನಮ್ಮ ಮುಸಾಫಿರ್ ಖಾನೆಗಳೂ ಅಲ್ಲಿರಬೇಡವೇ?

ಆಸ್ಪತ್ರೆಗಳ ಸುತ್ತಲಿನ ಮಸೀದಿ ಕಮಿಟಿಗಳು ಮನಸ್ಸು ಮಾಡಿದರೆ ಇದು ಕಷ್ಟದ ಕೆಲಸವಲ್ಲ. ಒಂದು ಮಸೀದಿ ಹತ್ತು ಕೋಣೆ ಕಟ್ಟಬೇಕಾಗಿಲ್ಲ. ರೋಗಿಗಳ ಕಡೆಯ ಮಹಿಳೆಯರಿಗೆ ಸ್ನಾನಕ್ಕೂ ನಮಾಝಿಗೂ ಒಂದು ಜಾಗ, ಸುತ್ತಮುತ್ತ ನ್ಯಾಯವಾದ ಬಾಡಿಗೆಗೆ ಕೋಣೆ ಕೊಡುವವರ ಒಂದು ಪಟ್ಟಿ, ಆ ಪಟ್ಟಿ ಹಿಡಿದು ಫೋನಿಗೆ ಉತ್ತರಿಸುವ ಒಬ್ಬ ಯುವಕ. ಇಷ್ಟರಿಂದ ಆರಂಭಿಸಬಹುದು. ಕೋಣೆ ಕೊಡುವವರ ಪಟ್ಟಿಯಲ್ಲಿ ನಮ್ಮ ಜನರ ಹೆಸರಷ್ಟೇ ಇರಬೇಕಾಗಿಲ್ಲ. ನಾವು ಕಂಡ ವಿಭೂತಿಯ ಹಿರಿಯರಂಥವರ ಹೆಸರು ಅದರಲ್ಲಿ ಮೊದಲು ಬರಲಿ. ಹಾಗೆಯೇ ಆ ಜಾಗದ ಬಾಗಿಲು ಪಕ್ಕದ ಹಾಸಿಗೆಯ ಹಿಂದೂ ರೋಗಿಯ ಮಗಳಿಗೂ ತೆರೆದಿರಲಿ.

ಮಂಗಳೂರಿನವರು ಇದು ಬೆಂಗಳೂರಿನವರ ಕೆಲಸವೆಂದು ಸುಮ್ಮನಿರುವಂತಿಲ್ಲ. ವೆನ್‌ಲಾಕ್, ಲೇಡಿಗೋಷನ್ ಆಸ್ಪತ್ರೆಗಳಿಗೂ ನಗರದ ಇತರ ದೊಡ್ಡ ಆಸ್ಪತ್ರೆಗಳಿಗೂ ಕೊಡಗು, ಚಿಕ್ಕಮಗಳೂರು, ಹಾಸನ, ಉತ್ತರ ಕನ್ನಡ, ಕಾಸರಗೋಡಿನಿಂದ ರೋಗಿಗಳು ಬರುತ್ತಾರೆ. ಅವರ ಪಾಲಿಗೆ ನಾವು ಆತಿಥೇಯರು. ಅವರು ಎಲ್ಲಿ ತಂಗುತ್ತಾರೆ, ಎಲ್ಲಿ ಉಣ್ಣುತ್ತಾರೆ, ಅವರ ಹೆಂಗಸರು ರಾತ್ರಿ ಎಲ್ಲಿ ಮಲಗುತ್ತಾರೆ ಎಂದು ನಮ್ಮ ಜಮಾಅತ್‌ಗಳು ಒಂದು ರಾತ್ರಿ ಆಸ್ಪತ್ರೆಯ ವರಾಂಡದಲ್ಲಿ ನಡೆದು ನೋಡಲಿ.

ಆ ಉಮ್ಮನ ಚಿಕಿತ್ಸೆ ಕೊನೆಗೂ ಪೂರ್ತಿಯಾಯಿತು. ಆಸ್ಪತ್ರೆಯ ನರ್ಸ್ ಒಬ್ಬರು ಅವರ ಸ್ಥಿತಿ ನೋಡಿ, ನಾಲ್ಕನೇ ವಾರದ ಆರಂಭದಲ್ಲಿ ತಿಲಕನಗರದಲ್ಲಿ ನೆಲ ಅಂತಸ್ತಿನ ಕೋಣೆಯೊಂದನ್ನು ತೋರಿಸಿಕೊಟ್ಟರಂತೆ. ಕಿಟಕಿಯಿಂದ ಅಝಾನ್ ಕೇಳಿಸುತ್ತಿತ್ತು, ಆಟೋದಲ್ಲಿ ಹತ್ತು ನಿಮಿಷಕ್ಕೆ ಆಸ್ಪತ್ರೆ. "ಈ ಕೋಣೆ ಮೊದಲೇ ಇತ್ತಾ?" ಎಂದು ಆ ತಾಯಿ ಮಕ್ಕಳನ್ನು ಕೇಳಿದರಂತೆ. ಇತ್ತು. ಹೊರಡುವ ಮೊದಲು ಯಾರೊಬ್ಬರೂ ವಿಚಾರಿಸಿರಲಿಲ್ಲ, ಹೇಳುವವರೂ ಇರಲಿಲ್ಲ. ನಮ್ಮಲ್ಲಿ ಯಾರ ಮನೆಯಿಂದ ಮುಂದಿನ ಬಾರಿ ಬೆಂಗಳೂರಿನ ಬಸ್ಸು ಹತ್ತುತ್ತಾರೋ, ಅವರು ಆ ತಾಯಿಯ ಪ್ರಶ್ನೆಯನ್ನು ಊರಿನಲ್ಲಿರುವಾಗಲೇ ಕೇಳಿಕೊಳ್ಳಲಿ.